ಎಂಟು ಚುಕ್ಕಿಯ ನೋಟ್‌ಬುಕ್

ನನ್ನ ತಬಲಾ ಚೀಲದಲ್ಲಿ ಸುತ್ತಿಗೆ, ಪೌಡರ್ ಡಬ್ಬಿ, ಹಳೇ ಟವೆಲ್ ಇವುಗಳ ಜೊತೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇರುತ್ತದೆ. ಅದರಲ್ಲಿ ಅಕ್ಷರ ಕಮ್ಮಿ, ಚುಕ್ಕಿ ಜಾಸ್ತಿ. ಪುಟಕ್ಕೊಂದು ತಾಳದ ಸುತ್ತು, ಸುತ್ತಿನ ಮೇಲೆ ಆರೋ ಏಳೋ ಎಂಟೋ ಚುಕ್ಕಿ. ಕೆಲವು ಚುಕ್ಕಿ ಬಟಾಣಿಯಷ್ಟು ದಪ್ಪ, ಕೆಲವು ಸಾಸಿವೆಯಷ್ಟು. ಕೆಲವು ಕಡೆ ಚುಕ್ಕಿಯ ಜಾಗದಲ್ಲಿ ಸೊನ್ನೆ. ಮಗಳು ಚಿಕ್ಕವಳಿದ್ದಾಗ ಇದನ್ನು ರಂಗೋಲಿ ಪುಸ್ತಕ ಅಂತ ತಿಳಿದು ಎರಡು ಪುಟಕ್ಕೆ ಬಣ್ಣ ತುಂಬಿದ್ದಳು. ಕೆಹರ್ವಾ ತಾಳದ ಪುಟ ಈಗಲೂ ಹಸಿರು.

ಈ ನೋಟ್‌ಬುಕ್ ಶುರುವಾಗಿದ್ದು ಒಂದು ಅವಮಾನದಿಂದ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಹಾಸನದಲ್ಲಿ ಒಂದು ಭಾವಗೀತೆ ಕಾರ್ಯಕ್ರಮ. ಹಾಡುವವರು ಹಿಂದೂಸ್ತಾನಿ ಕಲಿತ ಮೇಡಂ, ಧಾರವಾಡದ ಕಡೆಯವರು. ಅವರ ತಬಲಾದವರಿಗೆ ಜ್ವರ ಬಂತೆಂದು ಮಧ್ಯಾಹ್ನ ನನಗೆ ಫೋನ್ ಬಂತು. ಪ್ರಾಕ್ಟೀಸಿಗೆ ಟೈಮೇ ಇರಲಿಲ್ಲ. ಮೊದಲ ಮೂರು ಹಾಡು ದಾದ್ರಾ, ಕೆಹರ್ವಾದಲ್ಲೇ ಸುಲಭವಾಗಿ ಕಳೆದವು. ನಾಲ್ಕನೆಯದಕ್ಕೆ ಮೇಡಂ ಮೈಕಿಗೆ ಕೈ ಅಡ್ಡ ಹಿಡಿದು ಹಿಂದೆ ತಿರುಗಿದರು. "ಮುಂದಿಂದು ರೂಪಕ್ ಅದರಿ. ಗೊತ್ತದಲ್ಲ?"

"ಗೊತ್ತು ಮೇಡಂ" ಅಂದೆ. ಗೊತ್ತಿತ್ತು ಕೂಡ. ಆದರೆ ನನಗೆ ಗೊತ್ತಿದ್ದದ್ದು ಬೇರೆ ರೂಪಕ. ನಾನು ಮೊದಲು ಕಲಿತದ್ದು ಮೃದಂಗ. ಕರ್ನಾಟಕ ಸಂಗೀತದಲ್ಲಿ ರೂಪಕ ತಾಳ ಅಂದರೆ ಆರು ಅಕ್ಷರ. ಹಿಂದೂಸ್ತಾನಿಯಲ್ಲಿ ರೂಪಕ್ ಅಂದರೆ ಏಳು ಮಾತ್ರೆ. ಅಕ್ಷರ ಅಂದರೂ ಮಾತ್ರೆ ಅಂದರೂ ತಾಳದ ಒಂದೊಂದು ಎಣಿಕೆ. ಹೆಸರು ಒಂದೇ, ಎಣಿಕೆ ಬೇರೆ. ನಾನು ಆರಕ್ಕೆ ಸುತ್ತು ಮುಗಿಸಿ ಮತ್ತೆ ಶುರು ಮಾಡಿದರೆ, ಅವರು ಇನ್ನೂ ಏಳನೆಯದರಲ್ಲಿ ಇದ್ದಾರೆ. ಎರಡನೇ ಸುತ್ತಿಗೆ ಹಾಡು ಒಂದು ದಾರಿ, ತಬಲಾ ಇನ್ನೊಂದು ದಾರಿ. ಪಕ್ಕದಲ್ಲಿದ್ದ ಹಾರ್ಮೋನಿಯಂನವರು ಹಲ್ಲು ಕಚ್ಚಿಕೊಂಡೇ "ಏಳು ಕಣೋ, ಏಳು" ಅಂದರು. ಸಭೆಯ ಮುಂದಿನ ಸಾಲಿನವರಿಗೆ ನಾನು ಎದ್ದು ಹೋಗಬೇಕು ಅಂತ ಹೇಳಿದ ಹಾಗೆ ಕೇಳಿಸಿರಬೇಕು!

ಏಳು ನನಗೇನು ಹೊಸದಲ್ಲ. ಮಿಶ್ರ ಛಾಪು ಕೈಯಲ್ಲೇ ಇತ್ತು. ತಕಿಟ ತಕಧಿಮಿ. ಮೂರು, ನಾಲ್ಕು. ಅದನ್ನೇ ತಬಲಾಕ್ಕೆ ಇಳಿಸಿ, ಸುತ್ತಿನ ಮೊದಲ ಏಟಿಗೆ ಒಳ್ಳೆಯ ತೂಕದ ಧಾ ಹಾಕಿಕೊಂಡು ಹೋದೆ. ಈಗ ಎಣಿಕೆ ಸರಿ. ಒಂದು ಮಾತ್ರೆಯೂ ಆಚೀಚೆ ಇಲ್ಲ. ಆದರೂ ಮೇಡಂ ಹುಬ್ಬು ಗಂಟು ಬಿಚ್ಚಲೇ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಬಂದು, ಬೈಯಲಿಲ್ಲ, ಸಮಾಧಾನವಾಗಿ ಹೇಳಿದರು. "ನಮ್ಮ ರೂಪಕ್‌ನಾಗ ಸಮ್ಮೇ ಖಾಲಿರಿ. ತಿ ತಿ ನಾ, ಧಿ ನಾ, ಧಿ ನಾ. ಮೊದಲನೇದು ಹಗುರ, ಆಮ್ಯಾಲೆ ತೂಕ. ನೀವು ಅಲ್ಲೇ ಧಾ ಅಂತ ಬಡದ್ರ ಬಾಗಿಲಾಗ ಕಲ್ಲು ಇಟ್ಟಂಗ ಆಗ್ತದ. ನಾ ಎಡವತೀನಿ."

ಸಮ್ ಅಂದರೆ ಸುತ್ತಿನ ಮೊದಲ ಮಾತ್ರೆ, ಖಾಲಿ ಅಂದರೆ ತೂಕ ಹಾಕದೆ ಹಗುರವಾಗಿ ಬಿಡುವ ಜಾಗ. ಮನೆಗೆ ಬಂದು ನಿದ್ದೆ ಬರಲಿಲ್ಲ. ಮೊದಲ ತಪ್ಪು ಎಣಿಕೆಯದು, ಅದು ಬಿಡಿ, ಅಜ್ಞಾನ. ಎರಡನೆಯದು ಎಣಿಕೆ ಸರಿ ಇದ್ದೂ ಆದ ತಪ್ಪು. ಮಿಶ್ರ ಛಾಪು ಏಳು, ರೂಪಕ್ ಏಳು. ಒಂದನ್ನು ಮೂರು-ನಾಲ್ಕು ಅಂತ ಒಡೆದರೆ ಇನ್ನೊಂದನ್ನು ಮೂರು-ಎರಡು-ಎರಡು ಅಂತ ಒಡೆಯುತ್ತಾರೆ. ಅದಕ್ಕಿಂತ ಮುಖ್ಯ, ತೂಕ ಬೀಳುವ ಜಾಗವೇ ಬೇರೆ. ಇಷ್ಟು ವರ್ಷ ನಾನು ಸಂಖ್ಯೆ ಬಾಯಿಪಾಠ ಮಾಡಿದ್ದೆ, ತೂಕ ಕೇಳಿಸಿಕೊಂಡಿರಲಿಲ್ಲ. ಅಂಗಡಿಯಲ್ಲಿದ್ದ ಒಂದು ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ ಏಳು ಚುಕ್ಕಿಯ ಎರಡು ಸುತ್ತು ಹಾಕಿದೆ. ಒಂದರಲ್ಲಿ ಮೊದಲ ಚುಕ್ಕಿ ದಪ್ಪ. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಸೊನ್ನೆ.

ಅಂಗಡಿ ಅಂದೆನಲ್ಲ, ನನ್ನದೊಂದು ಸ್ಟೇಷನರಿ ಅಂಗಡಿ ಇದೆ. ಸಂಜೆ ಅದರ ಹಿಂದಿನ ರೂಮಿನಲ್ಲಿ ನಾಲ್ಕಾರು ಮಕ್ಕಳಿಗೆ ಪಾಠ. ರಾತ್ರಿ ಪ್ರೋಗ್ರಾಂ ಇದ್ದರೆ ಪ್ರೋಗ್ರಾಂ. ಹಾಸನದಂಥ ಊರಲ್ಲಿ ತಾಳವಾದ್ಯದವನು ಒಂದೇ ಬಗೆಯ ಸಂಗೀತ ಹಿಡಿದು ಕೂತರೆ ತಿಂಗಳಿಗೆ ಎರಡು ಕಾರ್ಯಕ್ರಮವೂ ಸಿಗಲ್ಲ. ಗಣಪತಿ ಹಬ್ಬಕ್ಕೆ ಆರ್ಕೆಸ್ಟ್ರಾ, ಧನುರ್ಮಾಸಕ್ಕೆ ಭಜನೆ, ಸುಗ್ಗಿ ಮುಗಿದ ಮೇಲೆ ಹಳ್ಳಿ ನಾಟಕ, ನವೆಂಬರ್‌ನಲ್ಲಿ ರಾಜ್ಯೋತ್ಸವ, ಮಧ್ಯೆ ಮದುವೆ ರಿಸೆಪ್ಷನ್ನು. ಎಲ್ಲಕ್ಕೂ ಹೋಗುತ್ತೇನೆ. ಹೋಗಿ ಹೋಗಿಯೇ ಕಲಿತದ್ದು.

ಮೊದಲ ಕಲಿಕೆ ಮಾತ್ರ ಕಟ್ಟುನಿಟ್ಟು. ನಮ್ಮೂರು ಅರಕಲಗೂಡು ಕಡೆ. ರುದ್ರಪಟ್ಟಣ ಅದೇ ತಾಲ್ಲೂಕು, ಕಾವೇರಿ ದಂಡೆಯ ಊರು. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲೇ, 1920ರಲ್ಲಿ. ಇನ್ನೊಬ್ಬ ಗಾಯಕ ಆರ್.ಕೆ. ಪದ್ಮನಾಭ ಅವರ ಊರೂ ಅದೇ. ಅಲ್ಲಿನ ಸಂಗೀತೋತ್ಸವಕ್ಕೆ ನನ್ನ ಮೃದಂಗದ ಮೇಷ್ಟ್ರು ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಹಾಡು ಕೇಳಲು ಅಲ್ಲ, ತೊಡೆಯ ಮೇಲೆ ತಾಳ ಹಾಕಲು! ಕಚೇರಿ ಮುಗಿಯುವ ತನಕ ತಾಳ ಬಿಡುವ ಹಾಗಿಲ್ಲ. ಆದಿತಾಳ ಅಂದರೆ ಒಂದು ಪೆಟ್ಟು, ಮೂರು ಬೆರಳು, ಪೆಟ್ಟು, ಹುಸಿ, ಪೆಟ್ಟು, ಹುಸಿ. ಎಂಟು. ಮನೆಗೆ ಬರುವಷ್ಟರಲ್ಲಿ ತೊಡೆ ಕೆಂಪಗಾಗಿರುತ್ತಿತ್ತು. ಏಳು ತಾಳ, ಐದು ಜಾತಿ, ಒಟ್ಟು ಮೂವತ್ತೈದು ಅನ್ನುವ ಲೆಕ್ಕವೂ ಆಗಲೇ ಬಾಯಿಗೆ ಬಂತು. ಮೂವತ್ತೈದರಲ್ಲಿ ನನ್ನ ಜೀವನದಲ್ಲಿ ಕೆಲಸಕ್ಕೆ ಬಂದದ್ದು ನಾಲ್ಕೈದು, ಅದು ಬೇರೆ ಮಾತು. ಆದರೆ ಬಾಯಲ್ಲಿ ಹೇಳಲು ಬರದಿದ್ದರೆ ಕೈಯಲ್ಲಿ ಬರಲ್ಲ ಅಂತ ಮೇಷ್ಟ್ರು ಹಾಕಿದ ಕಟ್ಟಳೆ ಇದೆಯಲ್ಲ, ಅದೊಂದೇ ನನ್ನನ್ನು ಇಷ್ಟು ದೂರ ಎಳೆದು ತಂದಿದೆ.

ಈಗ ಎಂಟರ ಕಥೆ. ನನ್ನ ನೋಟ್‌ಬುಕ್‌ನಲ್ಲಿ ಎಂಟು ಚುಕ್ಕಿಯ ಪುಟಗಳೇ ಜಾಸ್ತಿ, ಯಾಕೆಂದರೆ ಲೋಕದ ಅರ್ಧ ಹಾಡು ಎಂಟರಲ್ಲೇ ಇವೆ ಅಂತ ನನಗೆ ಅನ್ನಿಸುತ್ತದೆ. ಆದಿತಾಳದ ಎಂಟು ನಾಲ್ಕು-ಎರಡು-ಎರಡು. ಆ ಲೆಕ್ಕ ತಾಳ ಹಾಕುವವರ ಕೈಯಲ್ಲಿರುತ್ತದೆ. ಮೃದಂಗ ಅದನ್ನೇ ಒಪ್ಪಿಸಬೇಕು ಅಂತ ಏನಿಲ್ಲ. ಹಾಡಿನ ಸಾಲು ಹೋದ ಕಡೆ ಹೋಗುತ್ತದೆ, ಬೇಕೆಂದೇ ಎದುರು ಹೋಗುತ್ತದೆ, ಕೊನೆಗೆ ತೀರ್ಮಾನ ಅನ್ನುವ ಮುಕ್ತಾಯದ ತುಣುಕನ್ನು ಮೂರು ಸಲ ಹೇಳಿ ಸರಿಯಾಗಿ ಬಂದು ಕೂರುತ್ತದೆ. ಅಲ್ಲಿ ತಾಳ ಒಂದು ಗೋಡೆ, ಮೃದಂಗ ಅದರ ಮೇಲಿನ ಬಳ್ಳಿ.

ಕೆಹರ್ವಾ ಹಾಗಲ್ಲ. ಅದು ನುಡಿಸಿಯೇ ತೋರಿಸಬೇಕಾದ ಎಂಟು. ಧಾ ಗೆ ನಾ ತಿ ನ ಕ ಧಿ ನ. ಇದರ ಗುಟ್ಟು ಬಲಗೈಯಲ್ಲಿ ಇಲ್ಲ, ಎಡಗೈಯ ಡಗ್ಗದಲ್ಲಿ, ಅಂದರೆ ತಬಲಾ ಜೋಡಿಯ ದೊಡ್ಡದರಲ್ಲಿ ಇದೆ. ಮೊದಲ ಎರಡು ಏಟಿಗೆ ಡಗ್ಗ ತೆರೆದು ಗುಂ ಅನ್ನುತ್ತದೆ. 'ತಿ ನ ಕ' ಬಂದಾಗ ಗುಂಕಾರ ಪೂರ್ತಿ ಮಾಯ. ಏಳನೆಯ 'ಧಿ'ಗೆ ಮತ್ತೆ ಬರುತ್ತದೆ. ಈ ಹೋಗಿ ಬರುವುದರಲ್ಲೇ ತೂಗು ಇರುವುದು. ನನ್ನ ಹತ್ತಿರ ಬರುವ ಮಕ್ಕಳು ಮೊದಲ ತಿಂಗಳು ಎಂಟಕ್ಕೂ ಡಗ್ಗ ಗುಮ್ಮುತ್ತಾರೆ. ಆಗ ಅದು ಕೆಹರ್ವಾ ಅಲ್ಲ, ಮೋಟಾರ್ ಪಂಪು. ನಾನು ಒಂದೇ ಕೆಲಸ ಮಾಡುತ್ತೇನೆ: ಅವರ ಎಡಗೈಯನ್ನು ಹಿಡಿದುಕೊಂಡು ನಾಲ್ಕು, ಐದು, ಆರಕ್ಕೆ ಎತ್ತಿಬಿಡುತ್ತೇನೆ. ನಾಲ್ಕು ದಿನ ಹೀಗೆ ಎತ್ತಿದರೆ ಐದನೇ ದಿನ ಕೈ ತಾನೇ ಏಳುತ್ತದೆ.

ಇದೇ ಎಂಟು ಚುಕ್ಕಿಗೆ ರಾಕ್ ಬೀಟ್ ಬರೆದರೆ ಚಿತ್ರವೇ ಬೇರೆ. ಇದನ್ನು ನಾನು ಕಲಿತದ್ದು ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್ ಕೊಂಡ ಮೇಲೆ. ರೋಲ್ಯಾಂಡ್ ಕಂಪನಿಯವರು ಮೊದಲ ಆಕ್ಟಾಪ್ಯಾಡ್ ತಂದದ್ದು 1985ರಲ್ಲಂತೆ. ನನ್ನ ಕೈಗೆ ಬಂದದ್ದು ಅದರ ಮೊಮ್ಮಗ, ಎಸ್‌ಪಿಡಿ 20, ಅದೂ ಸೆಕೆಂಡ್ ಹ್ಯಾಂಡು. ಎಂಟು ರಬ್ಬರ್ ಚೌಕ, ಒಂದೊಂದಕ್ಕೆ ಒಂದೊಂದು ಸದ್ದು. ಆರ್ಕೆಸ್ಟ್ರಾದಲ್ಲಿ ಒಬ್ಬನೇ ಕೂತು ಡ್ರಮ್ಮು, ಢೋಲಕ್ಕು, ತಮಟೆ ಎಲ್ಲ ಬಾರಿಸಬಹುದು ಅಂತ ಆಸೆ. ತಂದ ವಾರದಲ್ಲೇ ಗೊತ್ತಾಯಿತು, ಸದ್ದು ದುಡ್ಡಿಗೆ ಸಿಕ್ಕಿದೆ, ನಡೆ ಸಿಕ್ಕಿಲ್ಲ ಅಂತ.

ನಮ್ಮ ಆರ್ಕೆಸ್ಟ್ರಾಕ್ಕೆ ಗಿಟಾರ್ ನುಡಿಸಲು ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ ಬರುತ್ತಿದ್ದ. ಡ್ರಮ್ಸ್ ಕೂಡ ಬರುತ್ತಿತ್ತು ಅವನಿಗೆ. ನನ್ನ ಬೀಟ್ ಕೇಳಿ ಸುಮ್ನೆ ನಗುತ್ತಿದ್ದ. ಕೊನೆಗೆ ಒಂದು ದಿನ "ಅಣ್ಣಾ, ಬೇಜಾರು ಮಾಡ್ಕೋಬೇಡಿ, ನೀವು ರಾಕ್ ಹಾಡಿಗೆ ಭಜನೆ ಬಾರಿಸ್ತಿದ್ದೀರಾ" ಅಂದ. "ಹೆಂಗೋ?" "ಚಪ್ಪಾಳೆ ತಟ್ಟಿ ನೋಡೋಣ." ತಟ್ಟಿದೆ. ಒಂದು ಎರಡು ಮೂರು ನಾಲ್ಕರಲ್ಲಿ ನನ್ನ ಚಪ್ಪಾಳೆ ಒಂದಕ್ಕೂ ಮೂರಕ್ಕೂ ಬೀಳುತ್ತಿತ್ತು. ಭಜನೆ ಮನೆಯಲ್ಲಿ ಬೆಳೆದ ಯಾರದ್ದೂ ಹಾಗೇ ಬೀಳುತ್ತದೆ. "ಎರಡಕ್ಕೂ ನಾಲ್ಕಕ್ಕೂ ಹೊಡೀರಿ ಅಣ್ಣಾ." ಹೊಡೆದೆ. ಎರಡು ಸುತ್ತು ಸರಿ ಬಂತು, ಮೂರನೆಯದಕ್ಕೆ ಕೈ ಮತ್ತೆ ಒಂದಕ್ಕೇ ಹೋಯಿತು. ದನ ಕೊಟ್ಟಿಗೆಗೆ ಹೋದ ಹಾಗೆ.

ರಾಕ್‌ನಲ್ಲಿ ಒಂದಕ್ಕೂ ಮೂರಕ್ಕೂ ಕಾಲಿನ ಡ್ರಮ್ ಇರುತ್ತದೆ, ಎರಡಕ್ಕೂ ನಾಲ್ಕಕ್ಕೂ ಸ್ನೇರ್ ಅನ್ನುವ ಕೋಲಿನ ಡ್ರಮ್ ಛಟ್ ಅನ್ನುತ್ತದೆ. ಕಿವಿಗೆ ಹೊಡೆಯುವುದು ಆ ಛಟ್. ಎಂಟು ಚುಕ್ಕಿಯಲ್ಲಿ ಬರೆದರೆ ಮೂರನೆಯದೂ ಏಳನೆಯದೂ ದಪ್ಪ. ನಮ್ಮ ಸಂಗೀತದಲ್ಲಿ ಎಲ್ಲರೂ ಸಮಕ್ಕೆ ಬಂದು ಸೇರುತ್ತಾರೆ, ಮನೆ ಬಾಗಿಲಿಗೆ ಬಂದ ಹಾಗೆ. ಅವರದರಲ್ಲಿ ಬಾಗಿಲಿನಿಂದ ಒಂದು ಹೆಜ್ಜೆ ಆಚೆ ನಿಂತು ಕರೆಯುತ್ತಾರೆ. ಆ ಹುಡುಗ ಹೇಳಿಕೊಟ್ಟ ಉಪಾಯ ಈಗಲೂ ನನ್ನ ಪಾಠದಲ್ಲಿದೆ. ಮೊಬೈಲಿನಲ್ಲಿ ಟಿಕ್ ಟಿಕ್ ಅಂತ ವೇಗ ತೋರಿಸುವ ಮೆಟ್ರೋನೋಮ್ ಆ್ಯಪ್ ಹಾಕಿ, ವೇಗ ನಿಮಿಷಕ್ಕೆ 40 ಟಿಕ್ಕಿಗೆ ಇಡಬೇಕು. ಬರುವ ಪ್ರತಿ ಟಿಕ್ಕನ್ನೂ ಒಂದು ಅಂತ ತಿಳಿಯದೆ ಎರಡು, ನಾಲ್ಕು ಅಂತ ತಿಳಿಯಬೇಕು. ಟಿಕ್ ಇಲ್ಲದ ಕಡೆ ಒಂದನ್ನೂ ಮೂರನ್ನೂ ನೀವೇ ಹುಟ್ಟಿಸಬೇಕು. ಆಗ ಹಾಡಿನ ವೇಗ 80 ಆಗುತ್ತದೆ. ಮೊದಲ ದಿನ ತಲೆ ತಿರುಗುತ್ತದೆ. ನನಗೆ ಮೂರು ವಾರ ಹಿಡಿಯಿತು. ಹುಡುಗರಿಗೆ ಎರಡು ದಿನ ಸಾಕು, ಅವರ ಕಿವಿ ಹುಟ್ಟುತ್ತಲೇ ಎರಡು-ನಾಲ್ಕಕ್ಕೆ ಒಗ್ಗಿದೆ.

ಡಿಸ್ಕೋ ಬಗ್ಗೆ ಹೇಳಲು ಏನೂ ಇಲ್ಲ. ನಾಲ್ಕಕ್ಕೆ ನಾಲ್ಕೂ ಕಾಲಿನ ಡ್ರಮ್ಮು, ವೇಗ 120ರ ಆಸುಪಾಸು. ಬರೆಯುವುದು ಸುಲಭ, ರಿಸೆಪ್ಷನ್‌ನಲ್ಲಿ ಒಂದೂವರೆ ಗಂಟೆ ಬಾರಿಸಿದರೆ ಭುಜ ಬಿದ್ದು ಹೋಗುತ್ತದೆ.

ಷಫಲ್ ಮಾತ್ರ ತುಂಬಾ ದಿನ ಕಾಡಿತು. ಹಳೇ ರಾಕ್ ಅಂಡ್ ರೋಲ್, ಬ್ಲೂಸ್ ಇವುಗಳಲ್ಲಿ ಬರುವ ಕುಂಟು ನಡೆ. ಹುಡುಗ "ಸ್ವಿಂಗ್ ಮಾಡಿ ಅಣ್ಣಾ, ಸ್ವಿಂಗ್" ಅನ್ನುತ್ತಿದ್ದ. ಹೇಗೆ ಅಂತ ಕೇಳಿದರೆ ಸೊಂಟ ಅಲ್ಲಾಡಿಸಿ ತೋರಿಸುತ್ತಿದ್ದ. ಒಂದು ದಿನ ಅಂಗಡಿಯಲ್ಲಿ ಜೆರಾಕ್ಸ್ ಮೆಷಿನ್ ಓಡುವ ಸದ್ದು ಕೇಳುತ್ತ, ಸುಮ್ನೆ ಬಾಯಲ್ಲಿ ತಿಶ್ರ, ಅಂದರೆ ಮೂರರ ನಡೆ ಹೇಳಿಕೊಳ್ಳುತ್ತಿದ್ದೆ. ತಕಿಟ ತಕಿಟ ತಕಿಟ ತಕಿಟ. ಗಿರಾಕಿ ಬಂದು ಏನೋ ಕೇಳಿದರು, ಮಾತಾಡುತ್ತ ಮಧ್ಯದ 'ಕಿ' ನುಂಗಿ ಹೋಯಿತು. ತ-ಟ ತ-ಟ ತ-ಟ ತ-ಟ. ಅರೆ, ಇದೇ ಅಲ್ವಾ ಷಫಲ್! ಒಂದು ಏಟನ್ನು ಮೂರು ಭಾಗ ಮಾಡಿ ನಡುವಿನದನ್ನು ನುಂಗುವುದು. ಇಪ್ಪತ್ತು ವರ್ಷದ ಹಿಂದೆ ಮೃದಂಗದ ಮೇಷ್ಟ್ರು ಕಲಿಸಿದ್ದೇ ಅದು, ಒಂದಕ್ಷರ ಕಮ್ಮಿ ಅಷ್ಟೇ. ಗಿರಾಕಿಗೆ ಎರಡು ಪೆನ್ನು ಜಾಸ್ತಿ ಕೊಟ್ಟೆ ಅನ್ನಿಸುತ್ತದೆ.

ರೆಗೆ ಸಿಕ್ಕಿದ್ದು ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯಲ್ಲಿ. ಕಾಫಿ ತೋಟದ ನಡುವೆ ಬೆಂಕಿ ಹಾಕಿಕೊಂಡು ಕೂತ ಬೆಂಗಳೂರಿನ ಗೆಸ್ಟ್‌ಗಳು, ನಾವು ಮೂರು ಜನ ವಾದ್ಯದವರು. ಒಬ್ಬರು ರೆಗೆ ಬೇಕು ಅಂದರು. ಜಮೈಕಾದಲ್ಲಿ 1960ರ ದಶಕದ ಕೊನೆಗೆ ಹುಟ್ಟಿದ ಸಂಗೀತ, ಅಷ್ಟು ಗೊತ್ತು. ಗಿಟಾರ್ ಹುಡುಗ ಎರಡಕ್ಕೂ ನಾಲ್ಕಕ್ಕೂ ಚಿಕ್ ಚಿಕ್ ಅಂತ ತಂತಿ ಕತ್ತರಿಸತೊಡಗಿದ. ನಾನು ರಾಕ್ ಬಾರಿಸಿದೆ, ಕೂಡಲಿಲ್ಲ. ಕೆಹರ್ವಾ ನಿಧಾನ ಮಾಡಿದೆ, ಇನ್ನೂ ಕೆಟ್ಟಿತು. ಅವನು ಗಿಟಾರ್ ನಿಲ್ಲಿಸದೇ ಕೂಗಿದ, "ಅಣ್ಣಾ, ಒಂದನ್ನ ಬಿಟ್ಬಿಡಿ! ಮೂರಕ್ಕೆ ಮಾತ್ರ ಹೊಡೀರಿ!"

ಬಿಟ್ಟೆ. ಒಂದು ಬಂತು, ಕೈ ತಡೆದುಕೊಂಡೆ. ಎರಡಕ್ಕೆ ಅವನ ಚಿಕ್. ಮೂರಕ್ಕೆ ಕಾಲಿನ ಡ್ರಮ್ಮೂ ಸ್ನೇರ್ ಅಂಚಿನ ಟಕ್ಕೂ ಒಟ್ಟಿಗೆ. ನಾಲ್ಕಕ್ಕೆ ಮತ್ತೆ ಚಿಕ್. ಎರಡು ಸುತ್ತಿಗೇ ಬೆಂಕಿ ಸುತ್ತ ಕೂತವರ ತಲೆ ಅಲ್ಲಾಡತೊಡಗಿತು. ನನಗೆ ನೆನಪಾದದ್ದು ಧಾರವಾಡದ ಮೇಡಂ. ಸಮ್ಮೇ ಖಾಲಿರಿ! ಎರಡೂ ಒಂದೇ ಅಂತ ಹೇಳಲ್ಲ. ರೂಪಕ್‌ನಲ್ಲಿ ಆ ಜಾಗದಲ್ಲಿ ಹಗುರವಾದ ಒಂದು 'ತಿ' ಆದರೂ ಇರುತ್ತದೆ, ಇಲ್ಲಿ ಡ್ರಮ್ ಏನೂ ಅನ್ನುವುದೇ ಇಲ್ಲ. ಆದರೆ ಕೈಗೆ ಆಗುವ ಕಷ್ಟ ಒಂದೇ. ಬಾರಿಸಬೇಕು ಅನ್ನಿಸುವ ಕಡೆ ಬಾರಿಸದೇ ಇರುವುದು. ಅವತ್ತು ರಾತ್ರಿ ನೋಟ್‌ಬುಕ್‌ನಲ್ಲಿ ರೂಪಕ್ ಎದುರಿನ ಪುಟದಲ್ಲೇ ರೆಗೆ ಬರೆದೆ.

ಇಷ್ಟೆಲ್ಲ ಚುಕ್ಕಿಯಲ್ಲಿ ಹಿಡಿಸಿದೆ ಅಂತ ಸ್ವಲ್ಪ ಕೊಬ್ಬು ಬಂದಿತ್ತು. ಅದನ್ನು ಇಳಿಸಿದ್ದು ಒಬ್ಬ ತಮಟೆಯ ತಾತ.

ಹಾಸನ ಪಕ್ಕದ ಹಳ್ಳಿಯೊಂದರ ಜಾತ್ರೆ. ರಾತ್ರಿ ಹತ್ತು ಗಂಟೆ. ದೇವಸ್ಥಾನದ ಹಿಂದೆ ಹುಲ್ಲು ಹಚ್ಚಿ ತಮಟೆ ಕಾಯಿಸುತ್ತಿದ್ದರು. ಇಬ್ಬನಿಗೆ ಚರ್ಮ ಮೆತ್ತಗಾಗುತ್ತದೆ, ಕಾಯಿಸದಿದ್ದರೆ ಸದ್ದು ಡಬ್ ಅನ್ನುತ್ತದೆ. ತಾತ ತಮಟೆಯನ್ನು ಉರಿಯ ಹತ್ತಿರ ಒಯ್ದು, ತಿರುಗಿಸಿ, ಬೆರಳ ಗೆಣ್ಣಿನಲ್ಲಿ ತಟ್ಟಿ, ಮತ್ತೆ ಒಯ್ಯುತ್ತಿದ್ದ. ಟಣ್ ಅಂದ ಮೇಲೆ ಕೊರಳಿಗೆ ಹಾಕಿಕೊಂಡ. ಬಲಗೈಯಲ್ಲಿ ದಪ್ಪ ಗಿಡ್ಡ ಕೋಲು, ಎಡಗೈಯಲ್ಲಿ ಸಣ್ಣ ಉದ್ದ ಕಡ್ಡಿ. ಶುರು ಮಾಡಿದ. ನಾನು ಚುಕ್ಕಿ ಹಾಕಲು ಪೆನ್ನು ತೆಗೆದೆ. ಐದು ನಿಮಿಷ ಪ್ರಯತ್ನ ಪಟ್ಟೆ. ಒಮ್ಮೆ ಮೂರು-ಮೂರು ಅನ್ನಿಸುತ್ತದೆ, ಒಮ್ಮೆ ಎರಡು-ಎರಡು-ಎರಡು ಅನ್ನಿಸುತ್ತದೆ. ಬಿಡುವು ಸಿಕ್ಕಾಗ ಹೋಗಿ ಕೇಳಿದೆ. "ತಾತ, ಇದು ಎಷ್ಟು ಮಾತ್ರೆ?"

"ಮಾತ್ರೆ ಆಸ್ಪತ್ರೇಲಿ ಸಿಗ್ತದೆ ಮಗ" ಅಂದ. ಸುತ್ತ ಇದ್ದವರೆಲ್ಲ ನಕ್ಕರು. ಆಮೇಲೆ ಕುಣಿಯುವವರ ಕಡೆ ಕೋಲು ತೋರಿಸಿ "ನನ್ನ ಕೈ ಏನು ನೋಡೀಯೆ, ಅವರ ಕಾಲು ನೋಡು" ಅಂದ.

ನೋಡಿದೆ. ಪುಸ್ತಕ ಜೇಬಿಗೆ ಹಾಕಿದೆ. ದಪ್ಪ ಕೋಲಿನ ಏಟು ಹೆಜ್ಜೆ ಊರುವ ಕಡೆ ಬೀಳುತ್ತಿತ್ತು. ಸಣ್ಣ ಕಡ್ಡಿ ಹೆಜ್ಜೆ ಎತ್ತುವಾಗ ಕಚಗುಳಿ ಇಡುತ್ತಿತ್ತು. ಕೋಲು ಆರನ್ನು ಎರಡು ಭಾಗ ಮಾಡಿದರೆ, ಕಡ್ಡಿ ಅದೇ ಆರನ್ನು ಮೂರು ಭಾಗ ಮಾಡುತ್ತದೆ. ಎರಡೂ ಒಟ್ಟಿಗೆ ನಡೆಯುತ್ತಿರುವುದರಿಂದ ನನಗೆ ಒಮ್ಮೆ ಹಾಗೆ ಒಮ್ಮೆ ಹೀಗೆ ಕೇಳಿಸಿದ್ದು. ದಾದ್ರಾ ಕೂಡ ಆರೇ. ಧಾ ಧಿ ನಾ, ಧಾ ತಿ ನಾ. ಆದರೆ ದಾದ್ರಾ ತೊಟ್ಟಿಲು ತೂಗಿದ ಹಾಗೆ, ಮೊದಲ ಅರ್ಧ ಭಾರ, ಎರಡನೇ ಅರ್ಧ ಹಗುರ. ಭಾವಗೀತೆಯವರಿಗೆ ಅದು ಪ್ರಾಣ. ಪಾಶ್ಚಾತ್ಯರ ವಾಲ್ಟ್ಸ್ ಮೂರರದ್ದು, ಒಂದು ಭಾರ ಎರಡು ಹಗುರ, ಧುಂ ಚಕ್ ಚಕ್, ಧುಂ ಚಕ್ ಚಕ್. ಅವತ್ತಿನ ತಮಟೆಯ ಆರರಲ್ಲಿ ಹಗುರ ಅನ್ನುವುದೇ ಇರಲಿಲ್ಲ. ಎರಡೂ ಅರ್ಧ ನೆಲ ಗುದ್ದುತ್ತಿದ್ದವು. ಸಿನಿಮಾ ಹಾಡುಗಳ ಕುಣಿಯುವ ಸಿಕ್ಸ್-ಎಯ್ಟ್ ಬೀಟ್ ಕೇಳಿದಾಗಲೆಲ್ಲ ನನಗೆ ಈ ತಮಟೆಯ ಸದ್ದೇ ಕೇಳಿಸುತ್ತದೆ. ಪ್ಯಾಡ್‌ನಲ್ಲಿ ಅದನ್ನು ಬಾರಿಸುವಾಗ ಇವತ್ತಿಗೂ ಕಣ್ಣ ಮುಂದೆ ಒಂದು ಜೊತೆ ಕಾಲು ಇಟ್ಟುಕೊಳ್ಳುತ್ತೇನೆ.

ಇನ್ನೊಂದು ವಿಷಯ ಅಲ್ಲೇ ಕಂಡಿತು. ತಮಟೆಯ ವೇಗ ಏರುತ್ತಾ ಹೋಯಿತು. ಕೋಲಾಟದಲ್ಲೂ ಹೀಗೇ, ಪದ ಮುಗಿಯುವ ಹೊತ್ತಿಗೆ ಶುರುವಿನ ಎರಡರಷ್ಟು ಓಡುತ್ತಿರುತ್ತದೆ. ಕಡೂರು, ತರೀಕೆರೆ ಕಡೆ ವೀರಗಾಸೆ ನೋಡಿದ್ದೇನೆ. ಒಡಪು ಹೇಳುವಾಗ ವಾದ್ಯ ನಿಲ್ಲುತ್ತದೆ. ಮಾತು ಮುಗಿದದ್ದೇ ಸಂಬಾಳ, ಕರಡೆ, ಚಮಾಳ ಒಟ್ಟಿಗೆ ಹಿಡಿಯುತ್ತವೆ, ಹಿಡಿದ ಮೇಲೆ ಏರುವುದೊಂದೇ ದಾರಿ. ಕರ್ನಾಟಕ ಸಂಗೀತದ ಪಾಠದಲ್ಲಿ ಹೀಗೆ ಮಾಡಿದ್ದರೆ ಮೇಷ್ಟ್ರು "ಎಲ್ಲಿಗೋ ಓಡ್ತಿದ್ದೀಯ, ಬಸ್ಸು ಇನ್ನೂ ಬಂದಿಲ್ಲ" ಅಂತ ಕಿವಿ ಹಿಂಡುತ್ತಿದ್ದರು. ಹಿಂದೂಸ್ತಾನಿಯವರು ವಿಲಂಬಿತದಿಂದ ದ್ರುತಕ್ಕೆ ಏರುತ್ತಾರೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಸಿನಿಮಾ ಹಾಡು ಕ್ಲಿಕ್‌ಗೆ, ಅಂದರೆ ಮೆಟ್ರೋನೋಮ್ ಟಿಕ್ಕಿಗೆ ಕಟ್ಟಿದ ಎತ್ತು, ಒಂದು ಕೂದಲೂ ಆಚೀಚೆ ಹೋಗಲ್ಲ. ಹಾಗಾದರೆ ಏರುವುದು ತಪ್ಪಾ? ಯಾವ ಸಂಗೀತ ಅನ್ನುವುದರ ಮೇಲೆ ಹೋಗುತ್ತದೆ. ಜಾತ್ರೆಯಲ್ಲಿ ಏರದಿದ್ದರೇ ತಪ್ಪು, ಕುಣಿಯುವವರು ಕೂತುಬಿಡುತ್ತಾರೆ.

ಇದು ಗೊತ್ತಿದ್ದೂ ನಾನೇ ಒಂದು ಸಲ ಆ ತಾತನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಪೇಚಿಗೆ ಸಿಕ್ಕಿದೆ. ಜನಪದ ಗೀತೆಗಳ ಒಂದು ಆಲ್ಬಂ. ಬೆಂಗಳೂರಿನ ಒಂದು ಸ್ಟುಡಿಯೋ. ರೆಕಾರ್ಡಿಂಗ್ ಹುಡುಗ ತಾತನ ಕಿವಿಗೆ ಹೆಡ್‌ಫೋನ್ ಹಾಕಿ 110ರ ಕ್ಲಿಕ್ ಬಿಟ್ಟ. ತಾತ ಒಂದು ನಿಮಿಷ ಕೇಳಿದ, ತೆಗೆದು ಟೇಬಲ್ ಮೇಲಿಟ್ಟ. "ಒಳಗೆ ಯಾವನೋ ಬಾಗಿಲು ತಟ್ತಾವ್ನೆ. ಮೊದಲು ಅವನ್ನ ಸುಮ್ಮನಿರಿಸಿ." ಎರಡು ಗಂಟೆ ಹೀಗೇ ಕಳೆಯಿತು. ಗಂಟೆಗೆ ಇಷ್ಟು ಅಂತ ಬಾಡಿಗೆ ಬೇರೆ. ರೆಕಾರ್ಡಿಂಗ್ ಹುಡುಗ ನನ್ನನ್ನು ಹೊರಗೆ ಕರೆದು, ಇವರು ಬೇಡ, ಮೊದಲೇ ರೆಕಾರ್ಡ್ ಮಾಡಿಟ್ಟ ತಮಟೆ ಸ್ಯಾಂಪಲ್ ಹಾಕೋಣ ಅಂದ. ನಾನು ಒಪ್ಪಲಿಲ್ಲ. ಕೊನೆಗೆ ಲೆಕ್ಕ ತಿರುವು ಹಾಕಿದೆವು. ಕ್ಲಿಕ್ ತೆಗೆದೆವು. ನಾನು ತಾತನ ಎದುರು ನಿಂತು ಬರಿಗಾಲಲ್ಲಿ ಹೆಜ್ಜೆ ಹಾಕಿದೆ. ಅವನು ಬಾರಿಸಿದ್ದನ್ನೇ ಮೊದಲು ಹಿಡಿದು, ಕೀಬೋರ್ಡು, ಕೊಳಲು, ಹಾಡು ಎಲ್ಲ ಅದರ ಮೇಲೆ ಕೂರಿಸಿದೆವು. ಹಾಡು ಶುರುವಾದಾಗ 104ರ ಹತ್ತಿರ ಇತ್ತು, ಮುಗಿದಾಗ 118. ಸ್ಟುಡಿಯೋದ ಕಾರ್ಪೆಟ್ ಮೇಲೆ ಕುಣಿದು ನನ್ನ ಮಂಡಿ ಎರಡು ದಿನ ನೋಯುತ್ತಿತ್ತು.

ಐದು ಎಣಿಕೆ ಕಲಿತದ್ದು ನಡೆದಾಡಿ. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಹೋಗುವ ಅಭ್ಯಾಸ. ಹೆಜ್ಜೆಗೊಂದು ಅಕ್ಷರದಂತೆ ಖಂಡ ಛಾಪು ಹೇಳಿಕೊಂಡು ನಡೆದರೆ, ತಕ ತಕಿಟ, ಒಂದು ಸುತ್ತು ಬಲಗಾಲಲ್ಲಿ ಶುರುವಾದರೆ ಮುಂದಿನದು ಎಡಗಾಲಲ್ಲಿ ಶುರುವಾಗುತ್ತದೆ. ಏಳೂ ಹಾಗೇ. ಮೈ ಎರಡರದ್ದು, ತಾಳ ಐದರದ್ದು, ಇವೆರಡನ್ನೂ ಒಟ್ಟಿಗೆ ನಡೆಸಿದರೆ ಐದು ಒಳಕ್ಕೆ ಇಳಿಯುತ್ತದೆ. ಜೋರಾಗಿ ಹೇಳಿಕೊಳ್ಳುತ್ತೇನೆ, ಪಾರ್ಕಿನವರಿಗೆ ಈಗ ಅಭ್ಯಾಸವಾಗಿದೆ. ಗಿಟಾರ್ ಹುಡುಗ ಕೇಳಿಸಿದ ಒಂದು ಜಾಝ್ ತುಣುಕಿನಲ್ಲಿ ಐದು ಇತ್ತು. ನಮ್ಮದೇ ಅಂ‍ತ ಖುಷಿಯಾಗಿ ತಾಳ ಹಾಕಿದರೆ ಹೊಂದಲಿಲ್ಲ. ಅವರು ಮೂರು-ಎರಡು ಮಾಡಿದ್ದರು, ನಾನು ಎರಡು-ಮೂರು ಹಾಕುತ್ತಿದ್ದೆ. ಮತ್ತದೇ ಪಾಠ, ಬೇರೆ ಪುಟ.

ಮಳೆಗಾಲದಲ್ಲಿ ಇದೆಲ್ಲದರ ಮೇಲೆ ಇನ್ನೊಂದು ತಾಪತ್ರಯ. ಸಕಲೇಶಪುರ, ಮೂಡಿಗೆರೆ ಕಡೆ ಜುಲೈನಲ್ಲಿ ಕಾರ್ಯಕ್ರಮ ಇದ್ದರೆ ಎರಡು ತಬಲಾ ಒಯ್ಯುತ್ತೇನೆ. ಹಾಸನದಲ್ಲಿ ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಗೆ ಸೇರಿಸಿದ್ದು ಘಾಟಿ ಹತ್ತಿರ ಹೋಗುವಷ್ಟರಲ್ಲಿ ತಂಡಿಗೆ ಇಳಿದಿರುತ್ತದೆ. ತಬಲಾದ ಪಟ್ಟಿಯೊಳಗಿನ ಮರದ ಗಟ್ಟಾ ಹೊಡೆದು ಹೊಡೆದು ಏರಿಸಬೇಕು. ಪ್ಯಾಡ್‌ಗೆ ಆ ಗೋಳಿಲ್ಲ, ಅದರ ಗೋಳು ಕರೆಂಟಿನದು.

ನಾಟಕದ ಮಾತು ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ನನ್ನ ಚುಕ್ಕಿ ಲೆಕ್ಕಕ್ಕೆ ಪೂರ್ತಿ ಬಗ್ಗದೇ ಇರುವುದು ಅದೊಂದೇ. ನಮ್ಮ ಕಡೆ ಪೌರಾಣಿಕ ನಾಟಕ ಇನ್ನೂ ಜೋರಾಗಿದೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ಹಳ್ಳಿ ಹಳ್ಳಿಯ ತಂಡಗಳು ಬಂದು ಆಡುತ್ತವೆ. ಪಾತ್ರಧಾರಿಗಳು ದುಡ್ಡು ತೆಗೆದುಕೊಳ್ಳಲ್ಲ, ಕೊಡುತ್ತಾರೆ. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಜಾಸ್ತಿ, ಸೇವಕನಿಗೆ ಕಮ್ಮಿ. ಕಂದಪದ್ಯ ಹಾಡುವಾಗ ತಾಳ ಇರುವುದಿಲ್ಲ. ಪಾತ್ರಧಾರಿ ಎಳೆದಷ್ಟೂ ಎಳೆಯುತ್ತಾನೆ, ಹಾರ್ಮೋನಿಯಂ ಮೇಷ್ಟ್ರು ಹಿಂದೆ ಹಿಂದೆ ಹೋಗುತ್ತಾರೆ, ನಾನು ಕೈ ಕಟ್ಟಿ ಕೂರುತ್ತೇನೆ. ಪದ್ಯ ಮುಗಿದು ಹಾಡು ಹಿಡಿದ ಕ್ಷಣಕ್ಕೆ ಚುರುಕು ಕೆಹರ್ವಾ ಬೀಳಬೇಕು. ಒಂದು ಉಸಿರು ತಡವಾದರೂ ಶಿಳ್ಳೆ ಬರಲ್ಲ.

ಒಂದು ತಂಡದಲ್ಲಿ ಭೀಮನ ಪಾತ್ರ ಮಾಡುವವರು ಮರಳು, ಇಟ್ಟಿಗೆ ವ್ಯಾಪಾರದವರು. ಒಳ್ಳೆ ಕಂಠ. ಆದರೆ ಗದೆ ತಿರುಗಿಸುತ್ತ ಹಾಡುವ ಹಾಡಿನ ಎರಡನೇ ಸಾಲಿನಲ್ಲಿ ಉಸಿರು ಎಳೆದುಕೊಳ್ಳಲು ಒಂದು ಮಾತ್ರೆ ನಿಲ್ಲುತ್ತಿದ್ದರು. ಪ್ರತಿ ಸಲ, ಅದೇ ಜಾಗದಲ್ಲಿ. ಎಂಟು ಹೋಗಿ ಒಂಬತ್ತು. ಪ್ರಾಕ್ಟೀಸಿನಲ್ಲಿ ನಾನು ಹತ್ತು ಸಲ ನಿಲ್ಲಿಸಿ ತಿದ್ದಿದೆ. "ಅಣ್ಣಾವ್ರೆ, ಇಲ್ಲಿ ನಿಲ್ಲಬಾರದು." "ಆಯ್ತು ಮೇಷ್ಟ್ರೇ" ಅನ್ನುತ್ತಾರೆ, ಮತ್ತೆ ನಿಲ್ಲುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಕೊನೆಗೆ ನನಗೇ ಹೇಳಿದರು. "ಅವರ ಗದೆ ನಾಲ್ಕು ಕೆಜಿ ಐತೆ ಕಣಯ್ಯ. ಉಸಿರು ಬೇಡ್ವಾ? ನೀನೇ ಒಂದು ಏಟು ಜಾಸ್ತಿ ಹಾಕು." ಹಾಕಿದೆ. ನೋಟ್‌ಬುಕ್‌ನಲ್ಲಿ ಆ ಹಾಡಿನ ಪುಟದಲ್ಲಿ ಎಂಟು ಚುಕ್ಕಿ, ಪಕ್ಕದಲ್ಲಿ ಒಂಟಿಯಾಗಿ ಒಂಬತ್ತನೆಯದು. ಅದರ ಕೆಳಗೆ 'ಭೀಮನ ಉಸಿರು' ಅಂತ ಬರೆದಿದ್ದೇನೆ. ಆರು ವರ್ಷ ಹಾಗೇ ನುಡಿಸಿದೆ. ನೋಡಿದವರು ಯಾರಿಗೂ ಗೊತ್ತಾಗಲಿಲ್ಲ, ಶಿಳ್ಳೆಯೂ ತಪ್ಪಲಿಲ್ಲ.

ಹೋದ ತಿಂಗಳು ಅದೇ ನಾಟಕ, ಅದೇ ಕಲಾಕ್ಷೇತ್ರ. ಭೀಮನ ಪಾತ್ರಕ್ಕೆ ಈ ಸಲ ಅವರ ಮಗ. ಇಪ್ಪತ್ತೆರಡು ವರ್ಷದ ಹುಡುಗ, ಜಿಮ್ಮಿಗೆ ಹೋಗುತ್ತಾನೆ. ಗದೆ ಬೆಂಡಿನದು ಮಾಡಿಸಿದ್ದ. ಕಂದಪದ್ಯ ಮುಗಿಯಿತು, ಹಾಡು ಹಿಡಿಯಿತು, ಕೆಹರ್ವಾ ಬಿತ್ತು, ಶಿಳ್ಳೆ ಬಂತು. ಎರಡನೇ ಸಾಲು ಬಂತು. ಹುಡುಗ ಉಸಿರು ತೆಗೆದುಕೊಳ್ಳಲಿಲ್ಲ, ಎಂಟಕ್ಕೆ ಸರಿಯಾಗಿ ಮುಂದೆ ಹೋದ. ನಾನು ಮಾತ್ರ ಒಂಬತ್ತನೆಯ ಏಟು ಹಾಕಿ, ಅವರಪ್ಪನಿಗಾಗಿ ಕಾದು ಕೂತಿದ್ದೆ.